ಪೂಜೆ ಎಷ್ಟು, ಪದ್ಧತಿ ಎಷ್ಟು? ಕ್ರಿಸ್‌ಮಸ್, ಸಂಕ್ರಾಂತಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನ ಬೇರೆ ಬೇರೆ ಮುಖಗಳು. ಡಿಸೆಂಬರ್ ಕೊನೆಯ ಕ್ರಿಸ್‌ಮಸ್ಸಿನಲ್ಲಿ, ಜನವರಿಯ ಸಂಕ್ರಾಂತಿಯಲ್ಲಿ ಧರ್ಮದ ಪಾಲು ಯಾವುದು, ಎಲ್ಲರೂ ಕೈಹಾಕಬಹುದಾದ ಪಾಲು ಯಾವುದು ಎಂದು ಕೇಳಿದ್ದೀರಿ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 60 ಮನೆಗಳ ಅಪಾರ್ಟ್‌ಮೆಂಟ್. ಡಿಸೆಂಬರಿನಲ್ಲಿ ಲಾಬಿಯಲ್ಲಿ ಕ್ರಿಸ್‌ಮಸ್ ಮರ, ನಕ್ಷತ್ರ ಇಡುತ್ತೇವೆ. ಜನವರಿಯಲ್ಲಿ ಎಳ್ಳುಬೆಲ್ಲ ಹಂಚುತ್ತೇವೆ. ಈ ವರ್ಷ ಕೆಲವರು ಮರವೇ ಬೇಡ ಅಂದರು, ಇನ್ನು ಕೆಲವರು ಗೋದಲಿಯನ್ನೂ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ಇಡೋಣ ಅಂದರು. ಜಗಳ ಬೇಡವೆಂದು ಕಾರ್ಯದರ್ಶಿಗಳು ಎರಡನ್ನೂ ಸೇರಿಸಿ ‘ವಿಂಟರ್ ಫೆಸ್ಟ್’ ಎಂದು ಹೆಸರಿಡಲು ಹೊರಟಿದ್ದಾರೆ. ಇದು ಸರಿಯೇ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಹೆಸರು ಬದಲಿಸಿದರೆ ಜಗಳ ಮುಂದಿನ ವರ್ಷಕ್ಕೆ ಹೋಗುತ್ತದೆ, ಅಷ್ಟೆ. ಕ್ರೈಸ್ತರಿಗೆ ತಮ್ಮ ಹಬ್ಬದ ಹೆಸರೇ ಹೋಯಿತು ಅನ್ನಿಸುತ್ತದೆ, ಹಿಂದೂಗಳಿಗೆ ಸಂಕ್ರಾಂತಿ ಎಲ್ಲಿ ಹೋಯಿತು ಅನ್ನಿಸುತ್ತದೆ. ಮರ ಬೇಡವೆಂದವರ ಕಣ್ಣಿಗೆ ಮರ ಮಾತ್ರ ಅಲ್ಲೇ ನಿಂತಿರುತ್ತದೆ! ಹಬ್ಬವನ್ನು ಅದರ ಹೆಸರಿನಿಂದಲೇ ಕರೆಯಿರಿ. ಆಮೇಲೆ ಸಭೆಯಲ್ಲಿ ಕೂತು ಒಂದೊಂದು ವಸ್ತುವನ್ನೂ ಬೇರೆಬೇರೆಯಾಗಿ ನೋಡಿ: ಇದರ ಮುಂದೆ ಯಾರಾದರೂ ಪ್ರಾರ್ಥನೆ ಮಾಡುತ್ತಾರೆಯೇ, ಇಲ್ಲವೇ?

ಗೋದಲಿ ಪೂರ್ತಿ ಭಕ್ತಿಯ ವಸ್ತು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಯೇಸುವಿನ ಹುಟ್ಟನ್ನು ಜನರ ಕಣ್ಣಿಗೆ ಕಟ್ಟಿಸಲು ಮೇವಿನ ತೊಟ್ಟಿ, ಎತ್ತು, ಕತ್ತೆಗಳನ್ನು ಇಟ್ಟು ಬಲಿಪೂಜೆ (ಕ್ಯಾಥೊಲಿಕರ ‘ಮಾಸ್’ ಆರಾಧನೆ) ಏರ್ಪಡಿಸಿದ ಮೇಲೆ ಈ ಪದ್ಧತಿ ಹರಡಿತು. ಅದಕ್ಕೊಂದು ಕ್ರಮವೂ ಇದೆ. ಕ್ರಮ ತಿಳಿದ ಮನೆಗಳಲ್ಲಿ 24ರ ರಾತ್ರಿಯವರೆಗೆ ಬಾಲಯೇಸುವಿನ ಜಾಗ ಖಾಲಿ ಇರುತ್ತದೆ, ಪೂರ್ವದಿಂದ ಬಂದ ಜ್ಞಾನಿಗಳ ಬೊಂಬೆಗಳು ಜನವರಿ 6ರ ಹಬ್ಬಕ್ಕೆ ತೊಟ್ಟಿಯ ಹತ್ತಿರ ಬರುತ್ತವೆ. ಇಂಥದ್ದನ್ನು ಲಾಬಿಯಲ್ಲಿ ಇಟ್ಟರೆ ಮಕ್ಕಳು ಕುರಿಮರಿಯನ್ನು ಲಿಫ್ಟಿನಲ್ಲಿ ಒಯ್ಯುವುದು, ನೆಲ ಒರೆಸುವವರು ಹುಲ್ಲು ಗುಡಿಸಿಬಿಡುವುದು ಎಲ್ಲ ಆಗುತ್ತದೆ. ಇಟ್ಟವರ ಮನಸ್ಸು ನೋಯುತ್ತದೆ. ಗೋದಲಿ ನಂಬುವವರ ಮನೆಯಲ್ಲೇ ಇರಲಿ, ಒಂದು ಸಂಜೆ ಬಾಗಿಲು ತೆರೆದು ನೆರೆಯವರನ್ನು ಕರೆಯಲಿ. ದಸರಾ ಬೊಂಬೆ ನೋಡಲು ಮನೆಮನೆಗೆ ಹೋಗಿ ಅಭ್ಯಾಸವಿರುವ ಊರಿಗೆ ಇದೇನೂ ಹೊಸದಲ್ಲ.

ಮರದ ಕಥೆ ಬೇರೆ. ಬೈಬಲಿನಲ್ಲಿ ಕ್ರಿಸ್‌ಮಸ್ ಮರವಿಲ್ಲ. ಜರ್ಮನ್ ಭಾಷಿಕರ ಸೀಮೆಯ ರೂಢಿ ಅದು. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷರ ಮನೆಮನೆಗೂ ಹೋಯಿತು, ಅವರ ಜೊತೆ ದಂಡುಪ್ರದೇಶದ ಬಂಗಲೆಗಳಿಗೂ ಬಂತು. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲೇ ಮೊದಲ ಮರ ನಿಂತದ್ದು 1982ರಲ್ಲಿ, ಎರಡನೇ ಜಾನ್ ಪೌಲ್ ಪೋಪ್ ಆಗಿದ್ದಾಗ. ಹಾಗಾಗಿ ಮರ ಅಲಂಕಾರ. ಅದನ್ನು ಬೇಡವೆನ್ನುವುದಕ್ಕೂ ಬೇಕೇಬೇಕು ಎನ್ನುವುದಕ್ಕೂ ಧರ್ಮದ ಆಧಾರ ಹುಡುಕಬೇಕಾಗಿಲ್ಲ. ನಕ್ಷತ್ರ ನಡುವಿನದು: ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಜ್ಞಾನಿಗಳಿಗೆ ದಾರಿ ತೋರಿದ್ದು ಅದೇ, ಆದರೆ ಅದನ್ನು ಯಾರೂ ಪೂಜಿಸುವುದಿಲ್ಲ. ಸಾಂತಾ ಕ್ಲಾಸ್‌ನ ಬೇರು ಈಗಿನ ಟರ್ಕಿಯಲ್ಲಿದ್ದ ಮೈರಾ ಊರಿನ ಬಿಷಪ್ ಸಂತ ನಿಕೊಲಾಸರಲ್ಲಿದೆ. ಅವರ ಹಬ್ಬ ಡಿಸೆಂಬರ್ 6. ಈಗ ಮಾಲ್‌ಗಳಲ್ಲಿ ಕೂರುವ ಕೆಂಪು ಅಂಗಿಯ ಬೊಜ್ಜಿನ ಅಜ್ಜ 19ನೇ ಶತಮಾನದ ಅಮೆರಿಕದ ಪತ್ರಿಕಾ ಚಿತ್ರಗಳಲ್ಲಿ ರೂಪುಗೊಂಡು, 1931ರಿಂದ ಬಂದ ಕೋಕಾಕೋಲಾ ಜಾಹೀರಾತುಗಳಲ್ಲಿ ಗಟ್ಟಿಯಾದವನು. ಚರ್ಚಿನ ಆರಾಧನೆಯಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲ. ಹಾಡುಗಳಲ್ಲೂ ಇದೇ ಭೇದ. ಯೇಸುವಿನ ಜನನವನ್ನು ಸ್ತುತಿಸುವವು ಪ್ರಾರ್ಥನೆ, ಹಿಮ–ಜಾರುಬಂಡಿ–ಗಂಟೆ ಎನ್ನುವವು ಬರೀ ಹಾಡು. ಮಕ್ಕಳ ಕಾರ್ಯಕ್ರಮಕ್ಕೆ ಯಾವುದನ್ನು ಹಾಡಿಸುತ್ತೀರಿ ಎಂದು ತಂದೆತಾಯಿಗೆ ಮೊದಲೇ ಹೇಳಿ.

ಇನ್ನು ದುಡ್ಡು. ನಮ್ಮ ಅನುಭವದಲ್ಲಿ ಅರ್ಧ ಜಗಳ ಧರ್ಮದ್ದಲ್ಲ, ಮೇಂಟೆನೆನ್ಸ್ ಹಣದ್ದು. ಎಲ್ಲರಿಂದ ಕಡ್ಡಾಯವಾಗಿ ವಸೂಲಾದ ಹಣವನ್ನು ಯಾವ ಹಬ್ಬಕ್ಕೂ ಮುಟ್ಟಬೇಡಿ. ಹಬ್ಬಕ್ಕೆ ಬೇರೆ ಡಬ್ಬಿ ಇರಲಿ, ಕೊಡುವವರು ಕೊಡಲಿ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಕೊಡದವರನ್ನು ಎತ್ತಿ ತೋರಿಸುವ ಪಟ್ಟಿ ಅದು. ಖರ್ಚಿನ ಲೆಕ್ಕ ಮಾತ್ರ ನೋಟಿಸ್ ಬೋರ್ಡಿಗೆ ಹಾಕಿ.

ಮರಕ್ಕೆ ಪ್ಲಾಸ್ಟಿಕ್ ಬೇಡವೆಂದಾದರೆ ಕುಂಡದ ಅರೋಕೇರಿಯ ತನ್ನಿ, ಲಾಲ್‌ಬಾಗಿನಲ್ಲಿ ಮುಗಿಲೆತ್ತರ ನಿಂತಿರುವ ಜಾತಿಯದು. ನಕ್ಷತ್ರ ಸಿಕ್ಕಿಸಲು ಅದರ ತುದಿ ಚಿವುಟಬೇಡಿ, ತುದಿ ಹೋದರೆ ಗಿಡ ಮತ್ತೆ ನೇರವಾಗಿ ಏಳುವುದಿಲ್ಲ. ಹತ್ತು ದಿನಕ್ಕಿಂತ ಹೆಚ್ಚು ಲಾಬಿಯ ಕತ್ತಲಲ್ಲಿ ಇಟ್ಟರೆ ಕೆಳಗಿನ ಕೊಂಬೆಗಳು ಒಣಗಿ ಉದುರುತ್ತವೆ, ಉದುರಿದ ಕೊಂಬೆ ಮತ್ತೆ ಚಿಗುರುವುದಿಲ್ಲ. ಹೊರಗಿನ ದೀಪದ ಸರಗಳಿಗೆ ಐಪಿ 65 ಗುರುತು (ದೂಳು, ನೀರು ಒಳಗಿಳಿಯದು ಎಂಬ ಸೂಚನೆ) ಇರಲಿ. ರಾತ್ರಿಯ ಮಂಜು ಸರದ ಜೋಡಣೆಯೊಳಗೆ ಇಳಿದು ಬೆಳಗಿನ ಜಾವ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಟ್ರಿಪ್ ಆಗುವುದು ಈ ತಿಂಗಳ ಮಾಮೂಲಿ ದೂರು. ಜೋಡಣೆಯನ್ನು ನೆಲದಿಂದ ಎತ್ತಿ, ಬಾಯಿ ಕೆಳಗಾಗುವಂತೆ ಕಟ್ಟಿದರೆ ಸಾಕು. ಧ್ವನಿವರ್ಧಕ ತೆರೆದ ಜಾಗದಲ್ಲಿ ರಾತ್ರಿ 10ಕ್ಕೆ ನಿಲ್ಲಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಹರಿದಿನಗಳಿಗೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರದ್ದು, ನಿಮ್ಮ ಅಸೋಸಿಯೇಷನ್ನಿನದಲ್ಲ.

ಪ್ರಶ್ನೆ: ಪಕ್ಕದ ಮನೆಯ ಕ್ಯಾಥೊಲಿಕ್ ಕುಟುಂಬದವರು 24ರ ರಾತ್ರಿಯ ಪೂಜೆಗೆ ಕರೆದಿದ್ದಾರೆ. ಹೋಗುವ ಆಸೆ ಇದೆ. ಪ್ರಸಾದ ಕೊಟ್ಟರೆ ತೆಗೆದುಕೊಳ್ಳಬೇಕೇ? ಮೊಣಕಾಲೂರಬೇಕೇ?
— ಓದುಗರು, ಫ್ರೇಜರ್ ಟೌನ್

ಉತ್ತರ: ಖಂಡಿತ ಹೋಗಿ. ಮೊದಲು ಭಾಷೆ ಮತ್ತು ಸಮಯ ಕೇಳಿಕೊಳ್ಳಿ. ಬೆಂಗಳೂರಿನ ಅನೇಕ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಬೇರೆಬೇರೆ ಹೊತ್ತಿಗೆ ನಡೆಯುತ್ತವೆ. ನಡುರಾತ್ರಿ ಪೂಜೆ ಎಂಬ ಹೆಸರಿದ್ದರೂ ರಾತ್ರಿ ಹತ್ತೂವರೆಗೋ ಹನ್ನೊಂದಕ್ಕೋ ಶುರುವಾಗುವುದುಂಟು. ಮುಕ್ಕಾಲು ಗಂಟೆ ಮೊದಲೇ ಹೋಗದಿದ್ದರೆ ಹೊರಗೆ ಶಾಮಿಯಾನದಲ್ಲಿ ಕೂರಬೇಕಾಗುತ್ತದೆ, ಸ್ವೆಟರ್ ಇರಲಿ. ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ.

ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂರಿ. ಅವರು ಮೊಣಕಾಲೂರಿದಾಗ ನೀವು ಸುಮ್ಮನೆ ಕೂತಿದ್ದರೆ ಅಗೌರವವಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಹಾಡದ ಮಹಿಮಾ ಗೀತೆಯನ್ನು ಆ ರಾತ್ರಿ ಗಂಟೆಗಳ ಜೊತೆ ಹಾಡುತ್ತಾರೆ. ಲೂಕನ ಸುವಾರ್ತೆಯ 2ನೇ ಅಧ್ಯಾಯ ಓದುತ್ತಾರೆ. ಹಬ್ಬದ ತಿರುಳು ಅದೇ, ಕಿವಿಗೊಟ್ಟು ಕೇಳಿ. ಕಾಣಿಕೆಯ ಚೀಲ ಬಂದಾಗ ಹಾಕಿದರೂ ಸರಿ, ಪಕ್ಕದವರಿಗೆ ದಾಟಿಸಿದರೂ ಸರಿ. ಪರಸ್ಪರ ಸಮಾಧಾನ ಹೇಳುವ ಗಳಿಗೆಯಲ್ಲಿ ಅಕ್ಕಪಕ್ಕದವರಿಗೆ ಕೈಮುಗಿದರೆ ಸಾಕು.

ತಪ್ಪಾಗುವುದು ಮುಂದಿನ ಹಂತದಲ್ಲಿ. ಪರಮಪ್ರಸಾದಕ್ಕೆ ಜನ ಸಾಲು ನಿಲ್ಲುತ್ತಾರೆ. ದೇವಸ್ಥಾನದ ಅಭ್ಯಾಸದಲ್ಲಿ ನಾವೂ ಎದ್ದು ಹೋಗಿ, ಸಿಕ್ಕಿದ ಬಿಳಿಯ ರೊಟ್ಟಿಯನ್ನು ಮನೆಯವರಿಗೆಂದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವುದು ಆಗುತ್ತದೆ. ಕ್ಯಾಥೊಲಿಕರಿಗೆ ಅದು ಹಂಚುವ ಪ್ರಸಾದವಲ್ಲ, ಕ್ರಿಸ್ತನ ಶರೀರವೇ. ದೀಕ್ಷಾಸ್ನಾನ ಪಡೆದು ಸಿದ್ಧರಾದ ಕ್ಯಾಥೊಲಿಕರು ಮಾತ್ರ, ಅಲ್ಲೇ ನಿಂತು ಸ್ವೀಕರಿಸಬೇಕು. ನೀವು ಬೆಂಚಿನಲ್ಲೇ ಕೂತು ಒಳಗಿನವರಿಗೆ ದಾರಿ ಬಿಡಿ. ಅಕಸ್ಮಾತ್ ಕೈಗೆ ಬಂದಿದ್ದರೆ ಕೂಡಲೇ ಗುರುಗಳಿಗೆ ಹಿಂದಿರುಗಿಸಿ, ಯಾರೂ ಬೈಯುವುದಿಲ್ಲ. ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚ್, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್‌ನಂಥ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟರದು) ಸಭೆಗಳಿಗೆ ಹೋದರೂ ರೊಟ್ಟಿ, ದ್ರಾಕ್ಷಾರಸದ ವಿಷಯದಲ್ಲಿ ಹೀಗೇ ನಡೆದುಕೊಳ್ಳಿ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕೊಡುವ ಕೇಕು, ಕಾಫಿ ಎಲ್ಲರಿಗೂ.

ಪ್ರಶ್ನೆ: ನಮ್ಮ ಆಫೀಸಿನ ಕ್ರೈಸ್ತ ಸಹೋದ್ಯೋಗಿಯೊಬ್ಬರು ಕ್ರಿಸ್‌ಮಸ್ ಆಚರಿಸುವುದಿಲ್ಲವಂತೆ. ಹಾಗೂ ಉಂಟೇ?
— ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ಉಂಟು. ಯೆಹೋವನ ಸಾಕ್ಷಿಗಳು ಆಚರಿಸುವುದಿಲ್ಲ. ಯೇಸು ಹುಟ್ಟಿದ ದಿನಾಂಕ ಬೈಬಲಿನಲ್ಲಿಲ್ಲ. ಡಿಸೆಂಬರ್ 25ರ ಹಬ್ಬಕ್ಕೆ ಸಿಗುವ ಅತಿ ಹಳೆಯ ಬರಹದ ಆಧಾರ 354ರಲ್ಲಿ ರೋಮಿನಲ್ಲಿ ಸಂಕಲಿಸಿದ ಒಂದು ಪಂಚಾಂಗ. ಹಾಗಾಗಿ ಬೈಬಲಿನಲ್ಲಿ ಇಲ್ಲದ್ದನ್ನು ಒಪ್ಪದವರು ಹಿಂದಿನಿಂದಲೂ ಇದ್ದಾರೆ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಈ ಹಬ್ಬವನ್ನೇ ನಿಷೇಧಿಸಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿ ಸಿಕ್ಕಿಬಿದ್ದವರಿಗೆ ಐದು ಷಿಲಿಂಗ್ ದಂಡವಿತ್ತು, ದಂಡ ಹಾಕಿದವರು ಕಟ್ಟಾ ಕ್ರೈಸ್ತರೇ! ಅರ್ಮೇನಿಯನ್ ಚರ್ಚಿಗೆ ಹಬ್ಬ ಜನವರಿ 6. ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಡದ ರಷ್ಯನ್ ಆರ್ಥೊಡಾಕ್ಸರಿಗೆ, 13 ದಿನಗಳ ವ್ಯತ್ಯಾಸದಿಂದ, ಜನವರಿ 7. ನಿಮ್ಮ ಸಹೋದ್ಯೋಗಿಗೆ ‘ರಜೆ ಚೆನ್ನಾಗಿರಲಿ’ ಅನ್ನಿ, ಕಾರಣ ಕೆದಕಬೇಡಿ. ಉಡುಗೊರೆ ಚೀಟಿ ಎತ್ತುವ ಆಟಕ್ಕೆ ಅವರ ಹೆಸರನ್ನು ಕೇಳದೆ ಸೇರಿಸಬೇಡಿ.

ಪ್ರಶ್ನೆ: ಶಾಲೆಯಲ್ಲಿ ಮಗನಿಗೆ ಸಾಂತಾ ವೇಷ ಹಾಕಿಸಿ ಕಳಿಸಿ ಎಂದಿದ್ದಾರೆ. ಇಷ್ಟವಿಲ್ಲ. ಕಾನೂನು ಏನು ಹೇಳುತ್ತದೆ?
— ಓದುಗರು, ಮಲ್ಲೇಶ್ವರ

ಉತ್ತರ: ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಸಂಕ್ರಾಂತಿಯ ದಿನ ಶಾಲೆಯಲ್ಲಿ ಪೂಜೆ ಇಟ್ಟರೂ ಇದೇ ಮಾತು, ಅದನ್ನು ಮರೆಯಬೇಡಿ. ಸಾಂತಾ ವೇಷವನ್ನು ಪ್ರಾರ್ಥನೆ ಎನ್ನುವುದು ಕಷ್ಟ, ಅದಕ್ಕೆ ಕೋರ್ಟಿನ ಮಾತು ಬೇಕಿಲ್ಲ. ‘ವೇಷ ಹಾಕಿಸುವುದಿಲ್ಲ, ಮಗು ಉಳಿದ ಕಾರ್ಯಕ್ರಮದಲ್ಲಿ ಇರುತ್ತಾನೆ’ ಎಂದು ಡೈರಿಯಲ್ಲಿ ಎರಡು ಸಾಲು ಬರೆದು ಹಿಂದಿನ ದಿನವೇ ಕಳಿಸಿ. ಬೆಳಿಗ್ಗೆ ಗೇಟಿನಲ್ಲಿ ವಾದ ಮಾಡಿದರೆ ಅಳುವುದು ಮಗು.

ಪ್ರಶ್ನೆ: ವಿಜ್ಞಾನ ಪಾಠ ಮಾಡುತ್ತೇನೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ಹಾಗಿದ್ದರೆ ಜನವರಿ 14ಕ್ಕೆ ಉತ್ತರಾಯಣ ಪುಣ್ಯಕಾಲ ಎನ್ನುವುದು ತಪ್ಪಲ್ಲವೇ? ಕೆಲವು ವರ್ಷ 15 ಏಕೆ?
— ಓದುಗರು, ವಿಜಯನಗರ

ಉತ್ತರ: ಎರಡೂ ಬೇರೆಬೇರೆ ಅಳತೆ. ಸೂರ್ಯ ದಕ್ಷಿಣದ ಕಟ್ಟಕಡೆ ಮುಟ್ಟಿ ಹಿಂದಿರುಗುವುದು ಋತುವಿಗೆ ಸೇರಿದ್ದು, ಅದು ಡಿಸೆಂಬರಿನಲ್ಲೇ. ಸಂಕ್ರಾಂತಿ ಎಂದರೆ ನಕ್ಷತ್ರಗಳ ಹಿನ್ನೆಲೆಯಲ್ಲಿ ಗುರುತಿಸಿದ ಮಕರ ರಾಶಿಗೆ ಸೂರ್ಯ ಕಾಲಿಡುವ ಗಳಿಗೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನಕ್ಕೆ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ಓಲುವುದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಸುಮಾರು 71 ವರ್ಷಕ್ಕೆ ಅದೇ ಒಂದು ದಿನವಾಗಿ, ಸಂಕ್ರಾಂತಿ ಮುಂದೆ ಸರಿಯುತ್ತ ಬಂದಿದೆ. ಮಕ್ಕಳಿಗೆ ಹೇಳಲು ಒಳ್ಳೆಯ ಉದಾಹರಣೆ: ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅಂದು ಮಕರ ಸಂಕ್ರಾಂತಿ.

14 ಮತ್ತು 15ರ ಗೊಂದಲ ಬೇರೆ. ಸಂಕ್ರಮಣದ ಗಳಿಗೆ ಪ್ರತಿ ವರ್ಷ ಸುಮಾರು 6 ಗಂಟೆ 9 ನಿಮಿಷ ತಡವಾಗುತ್ತದೆ, ಅಧಿಕ ವರ್ಷದ ಫೆಬ್ರುವರಿ 29 ಅದನ್ನು ಒಂದು ದಿನ ಹಿಂದಕ್ಕೆ ಎಳೆಯುತ್ತದೆ. 2024ರಲ್ಲಿ 15ರ ನಸುಕಿನ ಮೂರರ ಸುಮಾರಿಗೆ, 2025ರಲ್ಲಿ 14ರ ಬೆಳಿಗ್ಗೆ ಒಂಬತ್ತರ ಸುಮಾರಿಗೆ, 2026ರಲ್ಲಿ 14ರ ಮಧ್ಯಾಹ್ನ ಮೂರರ ಸುಮಾರಿಗೆ ಬಂತು. ಸೂರ್ಯ ಮುಳುಗಿದ ಮೇಲೆ ಸಂಕ್ರಮಣವಾದರೆ ಸ್ನಾನ, ದಾನ, ತರ್ಪಣಗಳ ಪುಣ್ಯಕಾಲ ಮರುದಿನಕ್ಕೆ ಎಂಬುದು ಸಾಮಾನ್ಯ ನಿಯಮ. ಪಂಚಾಂಗಗಳ ಗಣಿತದಲ್ಲೂ ಭೇದವಿದೆ, ಮಠಮಠಕ್ಕೆ ಪಂಚಾಂಗ ಬೇರೆ. ಅದಕ್ಕೇ ಒಂದೇ ಬೀದಿಯಲ್ಲಿ ಎರಡು ದಿನ ಹಬ್ಬ. ತರ್ಪಣ ಕೊಡುವವರು ತಮ್ಮ ಮನೆಯ ಪಂಚಾಂಗ ನೋಡಿಕೊಳ್ಳಲಿ. ಎಳ್ಳು ಬೀರುವವರಿಗೆ ಈ ತಲೆಬಿಸಿ ಬೇಡ, ಸಂಕ್ರಾಂತಿ ಕಳೆದು ವಾರದವರೆಗೂ ಬೀರುವ ರೂಢಿ ಇದ್ದೇ ಇದೆ.

‘ಇಂದಿನಿಂದ ಹಗಲು ಬೆಳೆಯುತ್ತದೆ’ ಎಂದು ಜನವರಿ 14ರಂದು ಮಾತ್ರ ಬೋರ್ಡಿನ ಮೇಲೆ ಬರೆಯಬೇಡಿ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 22 ನಿಮಿಷ, ಸಂಕ್ರಾಂತಿಯ ಹೊತ್ತಿಗೆ ಅದು ನಾಲ್ಕೈದು ನಿಮಿಷ ಹೆಚ್ಚಿರುತ್ತದೆ, ಅಷ್ಟೇ. ಸೂರ್ಯೋದಯವಂತೂ ಜನವರಿಯ ಕೊನೆಯವರೆಗೂ ತಡವೇ. ಬಿಡುವಿದ್ದರೆ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದ ಬಿಸಿಲು ಲಿಂಗವನ್ನು ಮುಟ್ಟುವುದು ಭಕ್ತರಿಗೆ ದರ್ಶನ. ಪಶ್ಚಿಮದಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕೆ ಸೂರ್ಯ ಮುಳುಗುವ ದಿನ ಅದು ಎಂಬುದು ನಿಮ್ಮ ಪಾಠ. ಹೋಗುವಾಗಲೂ ಬರುವಾಗಲೂ ಸೂರ್ಯ ಅದೇ ಜಾಗ ಹಾಯುವುದರಿಂದ ನವೆಂಬರ್ ಕೊನೆಯ ದಿನಗಳಲ್ಲೂ ಅಲ್ಲೇ ಮುಳುಗುತ್ತಾನೆ. ಆಗ ಹೋದರೆ ನೂಕುನುಗ್ಗಲೂ ಇರುವುದಿಲ್ಲ, ಮೋಡ ಮಾತ್ರ ಕೈಕೊಡಬಹುದು.

ಪ್ರಶ್ನೆ: 60 ಮನೆಗೆ ಎಳ್ಳುಬೆಲ್ಲ ನಾವೇ ಮಾಡಿ ಹಂಚಬೇಕೆಂದಿದ್ದೇವೆ. ಅಳತೆ ಹೇಳಿ. ಹೋದ ವರ್ಷ ಬೆಲ್ಲ ನೀರೊಡೆದು ಎಲ್ಲ ಮೆತ್ತಗಾಯಿತು. ಇನ್ನೊಂದು, ಮುಸ್ಲಿಂ ಮತ್ತು ಕ್ರೈಸ್ತ ಮನೆಗಳಿಗೆ ಕೊಡಬಹುದೇ?
— ಓದುಗರು, ಬಿಟಿಎಂ ಲೇಔಟ್

ಉತ್ತರ: ಮನೆಗೆ 100 ಗ್ರಾಂ ಲೆಕ್ಕದಲ್ಲಿ 6 ಕೆ.ಜಿ. ಬೇಕು. ಸಿದ್ಧವಾದ ಮೇಲಿನ ತೂಕ: ಕಡಲೆಕಾಯಿ ಬೀಜ 1.75 ಕೆ.ಜಿ., ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ 1.25 ಕೆ.ಜಿ., ಬಿಳಿ ಎಳ್ಳು ಅರ್ಧ ಕೆ.ಜಿ. ಕೊಳ್ಳುವಾಗ ಬೀಜ 2 ಕೆ.ಜಿ., ಕೊಬ್ಬರಿ ಮತ್ತು ಬೆಲ್ಲ ಒಂದೂವರೆ ಕೆ.ಜಿ. ತನ್ನಿ. ಸಿಪ್ಪೆ, ಪುಡಿಗಳಲ್ಲಿ ಅಷ್ಟು ಹೋಗುತ್ತದೆ. ಸಕ್ಕರೆ ಅಚ್ಚು ಮನೆಗೆ ಎರಡರಂತೆ 120 ಬೇಕು. ಅವನ್ನು ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ ಕೊಂಡುಬಿಡಿ. ಪಾಕ ಒಂದು ಗಳಿಗೆ ಮೊದಲೇ ಸುರಿದರೆ ಅಚ್ಚು ಕಟ್ಟುವುದಿಲ್ಲ, ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಕೈ ಪಳಗದವರು 120 ಅಚ್ಚಿಗೆ ಇಳಿಯುವುದು ಬೇಡ.

ನೀರೊಡೆಯಲು ಕಾರಣ ಮೂರು: ಬೆಲ್ಲ ಮೆತ್ತಗಿನದು, ಕೊಬ್ಬರಿ ಒಣಗಿಲ್ಲ, ಬೀಜ ಬಿಸಿಯಿರುವಾಗಲೇ ಬೆರೆಸಿದ್ದು. ಮೊದಲ ಎರಡಕ್ಕೆ ಬಿಸಿಲೇ ಮದ್ದು. ಹಬ್ಬಕ್ಕೆ ಒಂದು ವಾರ ಮೊದಲು ಬಟ್ಟಲು ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಕಡಲೆ ಗಾತ್ರಕ್ಕೆ ಹೆಚ್ಚಿ, ಎರಡು ಹಗಲು ಒಣಗಿಸಿ. ಸಂಜೆ ನಾಲ್ಕಕ್ಕೆ ಒಳಗೆ ತನ್ನಿ, ಇಬ್ಬನಿ ಬಿದ್ದರೆ ಹಗಲೆಲ್ಲ ಒಣಗಿಸಿದ್ದು ವ್ಯರ್ಥ. ಕೊಳ್ಳುವಾಗ ಉಗುರಿಗೆ ಇಳಿಯದಷ್ಟು ಗಟ್ಟಿಯಾದ ಅಚ್ಚುಬೆಲ್ಲ ಆರಿಸಿ, ಅದೇ ಗಾತ್ರಕ್ಕೆ ಕತ್ತರಿಸಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ತೆಳುಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿಗಿಡಿ. ತಟ್ಟೆಯನ್ನು ನೀರಿರುವ ಅಗಲ ತಟ್ಟೆಯೊಳಗೆ ಕೂರಿಸಿದರೆ ಇರುವೆ ಹತ್ತುವುದಿಲ್ಲ. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ ಸಿಪ್ಪೆ ತೂರಿ, ಎರಡು ಬೇಳೆಯಾಗಿ ಒಡೆಯಿರಿ. ಎಳ್ಳು ಚಟಪಟ ಅನ್ನತೊಡಗಿದ ಕೂಡಲೇ ಇಳಿಸಿ ಬೇರೆ ತಟ್ಟೆಗೆ ಸುರಿಯಿರಿ. ಕಾದ ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ. ಹುರಿಗಡಲೆ ಬೆಚ್ಚಗಾದರೆ ಸಾಕು. ಹುರಿದದ್ದೆಲ್ಲ ಕನಿಷ್ಠ ಮೂರು ಗಂಟೆ ಆರಲಿ. ಬೆಲ್ಲ ಬೆರೆಸುವುದು ಕಟ್ಟಕಡೆಗೆ, 13ರ ಸಂಜೆ. ಕಾಗದದ ಲಕೋಟೆ ಎಣ್ಣೆ ಕುಡಿಯುತ್ತದೆ, ಒಳಪದರವಿರುವ ಪೊಟ್ಟಣ ಬಳಸಿ. ಕಡಲೆಕಾಯಿ ಬೀಜ, ಎಳ್ಳು ಎರಡೂ ಕೆಲವರಿಗೆ ಅಲರ್ಜಿ. ಮೇಲೆ ಬರೆದಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಬಹುದು, ಕುಟ್ಟಿ ಕೊಡಲು ಹೇಳಿ.

ಕೊಡುವ ವಿಷಯ. ಎಳ್ಳು ಬೀರುವುದು ನೆರೆಹೊರೆಯ ಪದ್ಧತಿ. ಸುಗ್ಗಿಯ ಕಬ್ಬು, ಅವರೆಕಾಯಿ, ಗೆಣಸು, ಎಲಚಿ ಹಣ್ಣಿಗೂ ಇದೇ ಮಾತು. ಆದರೆ ಮಾಡಿದ್ದನ್ನೆಲ್ಲ ದೇವರ ಮುಂದಿಟ್ಟು ನೈವೇದ್ಯ ಮಾಡಿ ಹಂಚಿದರೆ ಅದು ಪ್ರಸಾದವಾಗುತ್ತದೆ. ಅನೇಕ ಮುಸ್ಲಿಮರು, ಕ್ರೈಸ್ತರು ಸಿಹಿ ತಿನ್ನುತ್ತಾರೆ, ಅರ್ಪಿಸಿದ್ದನ್ನು ತಿನ್ನುವುದಿಲ್ಲ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಇದೇ ಚರ್ಚೆಯಿದೆ: ಊಟಕ್ಕೆ ಕರೆದರೆ ಕೆದಕದೆ ತಿನ್ನಿ, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಬೇಡ ಎಂಬ ಧಾಟಿ ಅಲ್ಲಿನದು. ಆದ್ದರಿಂದ ಬೆರೆಸಿದ ಕೂಡಲೇ ಹಂಚುವ ಪಾಲನ್ನು ಪೊಟ್ಟಣ ಕಟ್ಟಿ ಬದಿಗಿಡಿ. ಉಳಿದದ್ದರಲ್ಲಿ ಒಂದು ಬಟ್ಟಲು ದೇವರಿಗೆ. ‘ಪೂಜೆಗೆ ಮೊದಲೇ ತೆಗೆದಿಟ್ಟದ್ದು’ ಎಂದು ಬಾಯಲ್ಲಿ ಹೇಳಿದರೆ ಸಾಕು. ಪ್ರಸಾದವೇ ಬೇಕೆನ್ನುವ ಮನೆಗಳಿಗೆ ಅದನ್ನೇ ಕೊಡಿ. ಅರಿಶಿನ ಕುಂಕುಮದ ತಟ್ಟೆ ಬೇರೆ ಇರಲಿ, ಬೇಕಾದವರು ಮುಂದೆ ಬಂದು ತೆಗೆದುಕೊಳ್ಳಲಿ.

ಪ್ರಶ್ನೆ: ಎಳ್ಳುಬೆಲ್ಲ ಮುತ್ತೈದೆಯರಿಗಷ್ಟೇ ಎಂದು ನಮ್ಮ ಅತ್ತೆ ಹೇಳುತ್ತಾರೆ. ಎದುರು ಮನೆಯ ಆಂಟಿಯ ಯಜಮಾನರು ಕಳೆದ ವರ್ಷ ತೀರಿಕೊಂಡರು. ಅವರನ್ನು ಬಿಟ್ಟು ಪಕ್ಕದ ಮನೆಗೆ ಹೋಗಲು ಮನಸ್ಸು ಬರುತ್ತಿಲ್ಲ.
— ಓದುಗರು, ಬಸವನಗುಡಿ

ಉತ್ತರ: ಬಿಡಬೇಡಿ. ಮುತ್ತೈದೆಯ ಕಟ್ಟು ಅರಿಶಿನ ಕುಂಕುಮಕ್ಕೆ ಅಂಟಿಕೊಂಡ ರೂಢಿ, ಎಳ್ಳುಬೆಲ್ಲಕ್ಕೆ ಅಂಟಬೇಕಾಗಿಲ್ಲ. ಧರ್ಮಶಾಸ್ತ್ರ ಈ ದಿನ ಹೇಳುವುದು ಎಳ್ಳಿನ ದಾನವನ್ನು, ಪಡೆಯುವವರು ಮುತ್ತೈದೆಯೇ ಆಗಬೇಕೆಂದಲ್ಲ. ಅವರ ಮನೆಯಲ್ಲಿ ಇನ್ನೂ ವರ್ಷ ತುಂಬದಿದ್ದರೆ ಹಬ್ಬ ಮಾಡಿರುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ ‘ನಾಳೆ ಬರಲಾ ಆಂಟಿ?’ ಎಂದು ಕೇಳಿ. ಬೇಡವೆಂದರೆ ಅದು ಅವರ ನೇಮ, ವಾರ ಬಿಟ್ಟು ಬಾಳೆಹಣ್ಣು, ಕಬ್ಬು ಹಿಡಿದು ಹೋಗಿ. ಬಾ ಎಂದರೆ ಎಲ್ಲ ಮನೆಗೂ ಕೊಡುವ ಪೊಟ್ಟಣವನ್ನೇ ಕೊಡಿ. ಅವರಿಗೆಂದೇ ಬೇರೆ ಥರ ಕಟ್ಟಿದರೆ ಎದ್ದು ಕಾಣುತ್ತದೆ. ಅತ್ತೆಯವರ ಜೊತೆ ವಾದ ಬೇಡ, ಕುಂಕುಮದ ಬಟ್ಟಲು ಅವರ ಕೈಯಲ್ಲಿರಲಿ, ಪೊಟ್ಟಣದ ಬುಟ್ಟಿ ನಿಮ್ಮ ಕೈಯಲ್ಲಿ.

ಪ್ರಶ್ನೆ: ನಾವು ಕ್ರೈಸ್ತರು. ನೆರೆಯವರೆಲ್ಲ ಸಸ್ಯಾಹಾರಿಗಳು. ಕೇಕು ಕಳಿಸಿದರೆ ಹೂವಿನಂತೆ ಸ್ವೀಕರಿಸಿ ಕೆಲಸದವರಿಗೆ ಕೊಟ್ಟುಬಿಡುತ್ತಾರೆ ಎಂದು ಗೊತ್ತಾಯಿತು. ಏನು ಮಾಡಲಿ?
— ಓದುಗರು, ಕಮ್ಮನಹಳ್ಳಿ

ಉತ್ತರ: ಕೇಕಿಗೆ ಧಾರ್ಮಿಕ ಅರ್ಥ ಏನೂ ಇಲ್ಲ, ಅವರ ಹಿಂಜರಿಕೆ ಮೊಟ್ಟೆ ಮತ್ತು ರಮ್ಮಿನದು. ಬೇಯುವಾಗ ಮದ್ಯ ಪೂರ್ತಿ ಆವಿಯಾಗುತ್ತದೆ ಎಂದು ಸಮಾಧಾನ ಹೇಳಬೇಡಿ. ಒಂದು ಗಂಟೆ ಬೆಂದ ಮೇಲೂ ಒಂದಷ್ಟು ಉಳಿದೇ ಇರುತ್ತದೆ. ನೆರೆಯವರಿಗೆ ಬೇರೆ ಕೇಕು ಮಾಡಿ. ಏಳು ಇಂಚಿನ ಟಿನ್ನಿಗೆ: ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ, ಗೋಡಂಬಿ ಸೇರಿ 250 ಗ್ರಾಂ, ಕಿತ್ತಳೆ ರಸ 150 ಮಿ.ಲೀ., ಮೈದಾ 180 ಗ್ರಾಂ, ಕಂದು ಸಕ್ಕರೆ 120 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 200 ಗ್ರಾಂ, ಎಣ್ಣೆ 90 ಮಿ.ಲೀ., ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಕ್ಕೆ–ಲವಂಗ–ಜಾಯಿಕಾಯಿ ಪುಡಿ ಅರ್ಧ ಟೀ ಚಮಚ.

ರಮ್ಮಿನ ಹಾಗೆ ಕಿತ್ತಳೆ ರಸದಲ್ಲಿ ತಿಂಗಳುಗಟ್ಟಲೆ ನೆನೆಸಲು ಆಗದು, ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿ ಹಿಡಿದು ನೊರೆ ಬರುತ್ತದೆ. ಗೋಡಂಬಿ ಬಿಟ್ಟು ಉಳಿದ ಹಣ್ಣನ್ನು ರಸದಲ್ಲಿ ಐದು ನಿಮಿಷ ಸಣ್ಣಗೆ ಕುದಿಸಿ, ಆರಿಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಹಣ್ಣು ತಳ ಸೇರುವುದು ಹಿಟ್ಟು ತೆಳ್ಳಗಾದಾಗ. ಉಳಿದ ರಸವನ್ನು ಬಸಿದು ಬೇಕಾದಷ್ಟೇ ಸೇರಿಸಿ, ಹಣ್ಣಿಗೆ ಒಂದು ದೊಡ್ಡ ಚಮಚ ಮೈದಾ ಹೊರಳಿಸಿ ಕೊನೆಗೆ ಬೆರೆಸಿ. ಸೋಡಾ ಬಿದ್ದ ಮೇಲೆ ಹಿಟ್ಟನ್ನು ಹಾಗೇ ಬಿಡಬೇಡಿ, ಕೂಡಲೇ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 55ರಿಂದ 65 ನಿಮಿಷ ಬೇಯಿಸಿ. ನಡುವೆ ಚುಚ್ಚಿದ ಕಡ್ಡಿ ಒಣಗಿ ಬರಬೇಕು. ಮೊದಲ 40 ನಿಮಿಷ ಓವನ್ ಬಾಗಿಲು ತೆಗೆದರೆ ನಡು ಕುಸಿಯುತ್ತದೆ. ಮೊಟ್ಟೆಯ ಕೇಕಿಗೆ ಬಳಸಿದ ಟಿನ್ನು, ಬೀಟರ್ ಚೆನ್ನಾಗಿ ತೊಳೆದು ಬಳಸಿ, ಕಟ್ಟುನಿಟ್ಟಿನ ಮನೆಗಳಿಗಾದರೆ ಬೇರೆ ಟಿನ್ನನ್ನೇ ಇಡಿ. ಡಬ್ಬಿಯ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ: ‘ಮೊಟ್ಟೆ ಇಲ್ಲ, ರಮ್ ಇಲ್ಲ, ಗೋಡಂಬಿ ಇದೆ. ನಾಲ್ಕು ದಿನದೊಳಗೆ ತಿನ್ನಿ.’